ಗಿಟಾರ್ ಹಿಡಿದ ಎಡಗೈ ಬಿಗಿಯುತ್ತಾ? ಸಡಿಲ ಮಾಡೋದು ಹೀಗೆ

ನನ್ನ ಹತ್ತಿರ ಗಿಟಾರ್ ಕಲಿಯೋಕೆ ಬರುವವರು ಮೂರನೇ ನಾಲ್ಕನೇ ವಾರಕ್ಕೆ ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ. "ಸರ್, ನನ್ನ ಕೈಯಲ್ಲಿ ಶಕ್ತಿ ಸಾಲ್ತಾ ಇಲ್ಲ." ಮುಂಗೈ ನೋಯುತ್ತದೆ, ಹೆಬ್ಬೆರಳ ಬುಡ ಉರಿಯುತ್ತದೆ, ಎರಡು ಹಾಡು ಮುಗಿಯುವಷ್ಟರಲ್ಲಿ ಬೆರಳು ಸೋತುಹೋಗುತ್ತದೆ. ಕೆಲವರು ಕೈಗೆ ಕಸರತ್ತು ಕೊಡೋಣ ಅಂತ ಸ್ಪ್ರಿಂಗ್ ಗ್ರಿಪ್ಪರ್ ಕೂಡ ತಂದಿಟ್ಟುಕೊಂಡಿರುತ್ತಾರೆ.

ಶಕ್ತಿ ಕಡಿಮೆ ಅನ್ನೋದೇ ಕಾರಣವಾಗಿದ್ದರೆ ದಿನಾ ಜಿಮ್ಮಿಗೆ ಹೋಗುವವರಿಗೆ ಗಿಟಾರ್ ಸಲೀಸಾಗಬೇಕಿತ್ತು ಅಲ್ವಾ? ಹಾಗೆ ಆಗುವುದಿಲ್ಲ. ನನ್ನ ಕ್ಲಾಸಿಗೆ ಬರುವ ಒಂಬತ್ತು ವರ್ಷದ ಹುಡುಗಿ ಅರ್ಧ ಗಂಟೆ ಆರಾಮಾಗಿ ನುಡಿಸುತ್ತಾಳೆ. ಡಂಬಲ್ ಎತ್ತುವ ಅವಳ ಚಿಕ್ಕಪ್ಪ ಹತ್ತು ನಿಮಿಷಕ್ಕೆ ಕೈ ಕೊಡವಿಕೊಳ್ಳುತ್ತಾರೆ. ಅವಳು ತಂತಿಗೆ ಬೇಕಾದಷ್ಟೇ ಒತ್ತುತ್ತಾಳೆ, ಕೆಲಸ ಮುಗಿದ ಕೂಡಲೇ ಬಿಡುತ್ತಾಳೆ. ಅವರು ಒತ್ತಿದ್ದನ್ನು ಬಿಡುವುದೇ ಇಲ್ಲ. ಒಂದು ಕಾರ್ಡ್‌ನಿಂದ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಒಂದು ಗುಂಪಿನಿಂದ, ಇನ್ನೊಂದಕ್ಕೆ ಹೋಗುವ ದಾರಿಯಲ್ಲೂ ಅವರ ಕೈ ಮುಷ್ಟಿ ಕಟ್ಟಿಕೊಂಡೇ ಹೋಗುತ್ತದೆ.

ತಂತಿ ಒತ್ತೋದನ್ನ ಎಲ್ಲರೂ ಹೇಳಿಕೊಡುತ್ತಾರೆ. ಬಿಡೋದನ್ನೂ ಬೇರೆಯಾಗಿ ಕೂತು ಅಭ್ಯಾಸ ಮಾಡಬೇಕು ಅಂತ ನನಗೆ ಗೊತ್ತಾಗೋಕೆ ಆರು ವರ್ಷ ಹಿಡಿಯಿತು. ಕೆಳಗಿರುವ ಹಂತಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ. ಎಡಗೈಯಲ್ಲಿ ತಂತಿ ಒತ್ತಿ ಬಲಗೈಯಲ್ಲಿ ಮೀಟುವವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ. ಎಡಚರು ಕೈ ಅದಲುಬದಲು ಮಾಡಿಕೊಂಡು ಓದಿ.

ಮೊದಲು ಗಿಟಾರನ್ನೇ ನೋಡಿ

ಎಷ್ಟೋ ಸಲ ತಪ್ಪು ಕೈಯದ್ದಲ್ಲ. ಗಿಟಾರಿನ ಉದ್ದನೆಯ ಕತ್ತಿಗೆ ನೆಕ್ ಎನ್ನುತ್ತಾರೆ, ಅದರ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್. ತಂತಿ ಫ್ರೆಟ್‌ಗಿಂತ ಎಷ್ಟು ಮೇಲಿದೆ ಅನ್ನುವುದಕ್ಕೆ ಆಕ್ಷನ್ ಎನ್ನುತ್ತಾರೆ. ಅದು ಜಾಸ್ತಿಯಾದರೆ ಯಾರ ಕೈಯಾದರೂ ಸೋಲುತ್ತದೆ. ನನ್ನ ಮೊದಲ ಗಿಟಾರ್‌ನಲ್ಲಿ 12ನೇ ಫ್ರೆಟ್ ಹತ್ತಿರ ತಂತಿ 4 ಮಿಲಿಮೀಟರಿಗಿಂತ ಮೇಲಿತ್ತು. ಅಂಗಡಿಯವರು "ಹೊಸದಲ್ವಾ, ನುಡಿಸ್ತಾ ನುಡಿಸ್ತಾ ಸರಿಹೋಗುತ್ತೆ" ಅಂದರು. ಒಂದು ವರ್ಷ ಪೂರ್ತಿ ನನ್ನ ಬೆರಳನ್ನೇ ಬೈದುಕೊಂಡೆ. ಕೊನೆಗೆ ರಿಪೇರಿ ಮಾಡುವವರೊಬ್ಬರು ತಂತಿ ಕೂರುವ ಬಿಳಿ ಪಟ್ಟಿಯನ್ನು, ಅಂದರೆ ಸ್ಯಾಡಲನ್ನು, ಅಡಿಯಿಂದ ಉಜ್ಜಿ ತಗ್ಗಿಸಿಕೊಟ್ಟರು. ಅವತ್ತು ಅದೇ ಕೈಯಲ್ಲಿ ಎಫ್ ಕಾರ್ಡ್ ಮೊದಲ ಸಲ ಪೂರ್ತಿ ಕೇಳಿಸಿತು.

ಇದನ್ನು ಅಳೆಯೋಕೆ ವಿಶೇಷ ಸಾಮಾನು ಬೇಡ. ಒಂದು ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಉಬ್ಬಿದ ಅಂಕಿಗಳಿಲ್ಲದ ಸಪಾಟು ಎಟಿಎಂ ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟು, 12ನೇ ಫ್ರೆಟ್‌ನ ಲೋಹದ ಪಟ್ಟಿಗೂ ಎಲ್ಲಕ್ಕಿಂತ ದಪ್ಪ ತಂತಿಗೂ ನಡುವೆ ತೂರಿಸಿ. ಮೂರು ಸೇರಿ ತಂತಿಯನ್ನು ಸವರಿಕೊಂಡು ಹೋದರೆ ಸುಮಾರು 2.3 ಮಿ.ಮೀ. ಇದೆ. ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರಿಗೆ ಅದು ಒಳ್ಳೆಯ ಎತ್ತರ. ನಾಲ್ಕು ಸಲೀಸಾಗಿ ತೂರಿದರೆ 3 ಮಿ.ಮೀ. ದಾಟಿದೆ, ರಿಪೇರಿಯವರಿಗೆ ತೋರಿಸಿ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ನಲ್ಲಿ ಮಾತ್ರ 4 ಮಿ.ಮೀ. ಹತ್ತಿರ ಇರುವುದು ಮಾಮೂಲಿ. ಆ ತಂತಿ ಮೆತ್ತಗಿರುತ್ತದೆ, ಅಷ್ಟು ಎತ್ತರವಿದ್ದರೂ ಕೈಗೆ ಭಾರ ಅನ್ನಿಸುವುದಿಲ್ಲ.

ಇನ್ನೊಂದು ಜಾಗ ನಟ್, ತಲೆಯ ಹತ್ತಿರ ತಂತಿಗಳು ಕೂರುವ ಗೀರುಗಳಿರುವ ಪಟ್ಟಿ. ಗೀರು ಆಳ ಸಾಲದಿದ್ದರೆ ಮೊದಲ ಫ್ರೆಟ್‌ನಲ್ಲಿ ಒತ್ತೋದು ಸಾಕುಸಾಕಾಗಿಬಿಡುತ್ತದೆ. ಇದನ್ನು ಕೇಪೋ, ಅಂದರೆ ಆರೂ ತಂತಿಗಳನ್ನು ಒಟ್ಟಿಗೆ ಅದುಮಿ ಹಿಡಿಯುವ ಕ್ಲಿಪ್ಪು, ಹಾಕಿ ಪತ್ತೆ ಮಾಡಬಹುದು. ಮೊದಲ ಫ್ರೆಟ್‌ಗೆ ಕೇಪೋ ಬಿಗಿದು, ಅದರ ಮುಂದಿನ ಮನೆಯಲ್ಲಿ (ಎರಡು ಫ್ರೆಟ್‌ಗಳ ನಡುವಿನ ಜಾಗವೇ ಮನೆ) ಎಫ್ ಆಕಾರ ಹಿಡಿಯಿರಿ. ಕೇಪೋ ಇಲ್ಲದಾಗ ಒದ್ದಾಡುತ್ತಿದ್ದ ಕೈ ಈಗ ತಟ್ಟನೆ ಹಗುರ ಆಯಿತಾ? ಹಾಗಾದರೆ ನಟ್ ಎತ್ತರವಿದೆ. ನೀವೇ ಅರ ಹಿಡಿದು ಉಜ್ಜೋಕೆ ಹೋಗಬೇಡಿ. ಒಂದು ಕೂದಲೆಳೆ ಜಾಸ್ತಿ ಕೊರೆದರೂ ತಂತಿ ಜರ್ ಅನ್ನುತ್ತದೆ.

ತಂತಿಯ ದಪ್ಪವನ್ನೂ ನೋಡಿ. ಅಕೂಸ್ಟಿಕ್ ಗಿಟಾರಿಗೆ ಸಾಮಾನ್ಯವಾಗಿ 12ರ ಸೆಟ್ ಹಾಕಿರುತ್ತಾರೆ, ಅಂದರೆ ತೆಳು ತಂತಿ 0.012 ಇಂಚು. ಅದನ್ನು ಬಿಟ್ಟು 10ರ ಸೆಟ್ ಹಾಕಿದರೆ ಆ ತೆಳು ತಂತಿಯ ಎಳೆತ ಸುಮಾರು ಶೇ 30ರಷ್ಟು ಇಳಿಯುತ್ತದೆ. ಸದ್ದು ಸ್ವಲ್ಪ ತೆಳುವಾಗುತ್ತದೆ, ನಿಜ. ಕಲಿಯುವ ಹೊತ್ತಿನಲ್ಲಿ ಅದು ದೊಡ್ಡ ನಷ್ಟವಲ್ಲ. ತಂತಿ ಬದಲಿಸೋದು ಬೇಡ ಅನ್ನಿಸಿದರೆ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡಿ, ಎಳೆತ ಸುಮಾರು ಶೇ 11 ಕಡಿಮೆಯಾಗುತ್ತದೆ. ಪೂರ್ತಿ ಒಂದು ಸ್ವರ ಇಳಿಸಿದರೆ ಶೇ 20ರಷ್ಟು. ಆಮೇಲೆ ಎರಡನೇ ಫ್ರೆಟ್‌ಗೆ ಕೇಪೋ ಹಾಕಿಕೊಂಡರೆ ಮೊದಲಿನ ಶ್ರುತಿಯೇ ಸಿಗುತ್ತದೆ, ಬೆರಳು ಚಾಚುವ ದೂರವೂ ತಗ್ಗುತ್ತದೆ. ಸಣ್ಣ ಕೈಯವರಿಗೆ ಮತ್ತು ಮಕ್ಕಳಿಗೆ ನಾನು ಮೊದಲು ಮಾಡಿಸುವುದೇ ಇದನ್ನು.

ಕರಾವಳಿಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಅದರ ಜೊತೆ ತಂತಿಯೂ ಮೇಲೇಳುತ್ತದೆ. ಏಪ್ರಿಲ್‌ನಲ್ಲಿ ಸರಿಯಿದ್ದ ಗಿಟಾರ್ ಆಗಸ್ಟ್‌ನಲ್ಲಿ ಗಟ್ಟಿ ಅನ್ನಿಸಿದರೆ ಕೈ ಕೆಟ್ಟಿತು ಅಂದುಕೊಳ್ಳಬೇಡಿ, ಎಟಿಎಂ ಕಾರ್ಡ್ ತಗೊಂಡು ಇನ್ನೊಂದು ಸಲ ಅಳೆಯಿರಿ.

ಕೂರುವುದು, ಮಣಿಕಟ್ಟು

ಮಂಚದ ಮೇಲೆ ದಿಂಬಿಗೆ ಒರಗಿ ಅಭ್ಯಾಸ ಮಾಡುವುದನ್ನು ಬಿಡಿ. ಕೈಯಿಲ್ಲದ ಕುರ್ಚಿ ಸಾಕು, ಪಾದ ನೆಲಕ್ಕೆ ತಾಗಬೇಕು. ಬೆರಳು ಕಾಣಲಿ ಅಂತ ಗಿಟಾರನ್ನು ಮುಖದ ಕಡೆ ಅಂಗಾತ ವಾಲಿಸುವವರೇ ಜಾಸ್ತಿ. ವಾಲಿಸಿದಷ್ಟೂ ಎಡಗೈ ಅದರ ಅಡಿಯಿಂದ ಸುತ್ತಿ ಬರಬೇಕು, ಮಣಿಕಟ್ಟು ಕೊಕ್ಕೆಯ ಹಾಗೆ ಬಾಗುತ್ತದೆ.

ಬಾಗಿದರೆ ಏನಾಗುತ್ತದೆ ಅಂತ ಗಿಟಾರ್ ಇಲ್ಲದೆಯೇ ನೋಡಬಹುದು. ಅಂಗೈ ನಿಮ್ಮ ಕಡೆ ಬರುವಂತೆ ಮಣಿಕಟ್ಟನ್ನು ಪೂರ್ತಿ ಒಳಗೆ ಬಗ್ಗಿಸಿ. ಈಗ ಮುಷ್ಟಿ ಕಟ್ಟಿ. ಗಟ್ಟಿಯಾಗಿ ಕಟ್ಟೋಕೆ ಆಗುವುದೇ ಇಲ್ಲ. ಮಣಿಕಟ್ಟು ನೇರ ಮಾಡಿ ಕಟ್ಟಿ, ಸಲೀಸಾಗಿ ಆಗುತ್ತದೆ. ಬೆರಳನ್ನು ಮಡಚುವ ಮುಖ್ಯ ಸ್ನಾಯುಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಬಲಗೈಯನ್ನು ಎಡ ಮೊಣಕೈಯ ಸ್ವಲ್ಪ ಕೆಳಗೆ, ಒಳಭಾಗದಲ್ಲಿ ಇಟ್ಟುಕೊಂಡು ಎಡಗೈ ಬೆರಳು ಆಡಿಸಿದರೆ ಅವು ಚರ್ಮದಡಿ ಹೊರಳಾಡುವುದು ಗೊತ್ತಾಗುತ್ತದೆ. ಅಲ್ಲಿಂದ ಹುರಿಯಂಥ ಎಳೆಗಳು ಮಣಿಕಟ್ಟಿನ ಇಕ್ಕಟ್ಟಾದ ಸಂದಿಯೊಳಗೆ ಹಾದು ಬೆರಳಿಗೆ ಬರುತ್ತವೆ. ಆ ಸಂದಿಯನ್ನೇ ಬಗ್ಗಿಸಿದರೆ ಒಂದು ಪಾಲು ಕೆಲಸಕ್ಕೆ ಎರಡು ಪಾಲು ಶ್ರಮ ಬೇಕಾಗುತ್ತದೆ.

ಹಾಗಾಗಿ ಗಿಟಾರ್ ನೆಟ್ಟಗೆ ಇರಲಿ, ನೆಕ್‌ನ ತುದಿ ಭುಜದ ಎತ್ತರಕ್ಕೆ ಏರಲಿ. ಕೂತು ನುಡಿಸುವಾಗಲೂ ಸ್ಟ್ರಾಪ್ ಹಾಕಿಕೊಳ್ಳಿ. ಗಿಟಾರ್ ಬೀಳದ ಹಾಗೆ ಹಿಡಿಯುವ ಕೆಲಸ ಸ್ಟ್ರಾಪಿನದು, ತೊಡೆಯದು, ಬಲ ಮುಂಗೈಯದು. ಎಡಗೈಗೆ ಆ ಕೆಲಸ ಕೊಡಲೇಬೇಡಿ. ಎಡಗೈ ಪೂರ್ತಿ ತೆಗೆದರೂ ಗಿಟಾರ್ ಅಲುಗದೆ ನಿಲ್ಲಬೇಕು. ನಿಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಿ ಪ್ರಯೋಜನವಿಲ್ಲ.

ಎಷ್ಟು ಒತ್ತಿದರೆ ಸಾಕು?

ಇದು ಹತ್ತು ನಿಮಿಷದ ಪ್ರಯೋಗ. ಒಂದು ವಾರ ದಿನಾ ಮಾಡಿ.

ಮೂರನೇ ತಂತಿ (ಎಲ್ಲಕ್ಕಿಂತ ತೆಳು ತಂತಿ ಒಂದನೆಯದು), ಐದನೇ ಫ್ರೆಟ್. ತೋರುಬೆರಳನ್ನು ತಂತಿಯ ಮೇಲೆ ಸುಮ್ನೆ ಇಡಿ, ಒತ್ತಬೇಡಿ. ಮೀಟಿ. 'ಟಪ್' ಅಂತ ಸತ್ತ ಸದ್ದು ಬರುತ್ತದೆ. ಈಗ ಒಂದೇ ಸಮನೆ ಮೀಟುತ್ತಾ ಒತ್ತಡವನ್ನು ಒಂದೊಂದೇ ಚೂರು ಏರಿಸಿ. ಸ್ವಲ್ಪ ಹೊತ್ತಿಗೆ 'ಜರ್' ಅನ್ನುವ ಸದ್ದು ಶುರುವಾಗುತ್ತದೆ. ಇನ್ನೊಂದು ಚೂರು ಒತ್ತಿದರೆ ಜರ್ ಹೋಗಿ ಸ್ವರ ಸ್ವಚ್ಛವಾಗಿ ಕೇಳುತ್ತದೆ. ಅಲ್ಲಿಗೆ ನಿಲ್ಲಿಸಿ, ಅಷ್ಟೇ ಸಾಕು. ಈಗ ವಾಪಸ್ ಬನ್ನಿ: ಸ್ವಚ್ಛ ಸ್ವರದಿಂದ ಜರ್‌ಗೆ, ಜರ್‌ನಿಂದ ಟಪ್‌ಗೆ. ಹತ್ತು ಸಲ ಹೋಗಿ ಬನ್ನಿ. ಆಮೇಲೆ ನೀವು ಮಾಮೂಲಿಯಾಗಿ ಒತ್ತುವ ಹಾಗೆ ಒಂದು ಸಲ ಒತ್ತಿ. ಎರಡಕ್ಕೂ ಇರುವ ಅಂತರ ನೋಡಿ ಬಹಳ ಜನ ಬೆಚ್ಚಿಬೀಳುತ್ತಾರೆ. ಇಷ್ಟು ದಿನ ಕೈ ನೋಯಿಸಿದ್ದು ಆ ಅಂತರವೇ.

ಬೆರಳು ಎಲ್ಲಿ ಬೀಳುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಫ್ರೆಟ್ ಪಟ್ಟಿಯ ಪಕ್ಕದಲ್ಲೇ, ಅದಕ್ಕೆ ತಾಗುವಷ್ಟು ಹತ್ತಿರ ಒತ್ತಿದರೆ ಹಗುರವಾಗಿ ಕೆಲಸ ಆಗುತ್ತದೆ. ಕಂಬಿಗೆ ಕೊಡ ಕಟ್ಟಿ ಇಬ್ಬರು ಹೊತ್ತುಕೊಂಡು ಹೋಗುವಾಗ, ಕೊಡ ಯಾರ ಹತ್ತಿರ ಇದೆಯೋ ಅವರ ಹೆಗಲಿಗೆ ಭಾರ ಜಾಸ್ತಿ ಬೀಳುತ್ತದಲ್ಲ, ಇಲ್ಲೂ ಹಾಗೆಯೇ. ಬೆರಳು ಹಿಂದಿನ ಫ್ರೆಟ್ ಕಡೆ ಇದ್ದರೆ ನಿಮ್ಮ ಒತ್ತಡದ ದೊಡ್ಡ ಪಾಲು ಆ ಫ್ರೆಟ್ ಮೇಲೆ ಬಿದ್ದು ದಂಡವಾಗುತ್ತದೆ. ಟಪ್-ಜರ್-ಸ್ವರದ ಪ್ರಯೋಗವನ್ನು ಒಂದೇ ಮನೆಯ ಹಿಂದೆ, ನಡುವೆ, ಮುಂದೆ ಮೂರು ಕಡೆ ಮಾಡಿ ನೋಡಿ. ಬೆರಳಿಗೇ ಗೊತ್ತಾಗುತ್ತದೆ.

ಫೋನಿನಲ್ಲಿ ಟ್ಯೂನರ್ ಆ್ಯಪ್ ಇದ್ದರೆ ಇನ್ನೂ ಒಂದು ಸಾಕ್ಷಿ ಸಿಗುತ್ತದೆ. ಸ್ವರವನ್ನು ಹಗುರವಾಗಿ ಒತ್ತಿ ಮೀಟಿ, ಸೂಜಿ ಎಲ್ಲಿದೆ ನೋಡಿ. ಅದೇ ಸ್ವರವನ್ನು ಗಟ್ಟಿಯಾಗಿ ಒತ್ತಿ ಮೀಟಿ. ಸೂಜಿ ಮೇಲಿನ ಕಡೆ ಸರಿಯುತ್ತದೆ. ಅಂದರೆ ಜಾಸ್ತಿ ಒತ್ತಿದರೆ ಕೈ ನೋಯುವುದು ಮಾತ್ರವಲ್ಲ, ಶ್ರುತಿಯೂ ಕೆಡುತ್ತದೆ. ವೀಣೆ ಕಲಿತು ಗಿಟಾರಿಗೆ ಬಂದವರ ಕೈ ಸಾಮಾನ್ಯವಾಗಿ ಹಗುರವಾಗಿರುವುದಕ್ಕೆ ಇದೇ ಕಾರಣ ಇರಬೇಕು ಅಂತ ನನಗೆ ಅನ್ನಿಸುತ್ತದೆ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ಕೂತಿರುತ್ತವೆ, ಅವುಗಳ ನಡುವೆ ಬೆರಳಿಗೆ ತಡೆ ಕೊಡುವ ಹಲಗೆ ಇರುವುದಿಲ್ಲ. ಒಂಚೂರು ಜಾಸ್ತಿ ಒತ್ತಿದರೂ ಸ್ವರ ಏರಿಬಿಡುತ್ತದೆ. ಅಲ್ಲಿ ಕಿವಿಯೇ ಕೈಯನ್ನು ಹದದಲ್ಲಿಡುತ್ತದೆ. ಗಿಟಾರ್‌ನಲ್ಲಿ ಏರುವುದು ಕಡಿಮೆ, ಅದಕ್ಕೇ ನಮಗೆ ಕೇಳಿಸದೆ ಹೋಗುತ್ತದೆ.

ಹೆಬ್ಬೆರಳು

ಒಂದು ಕಾರ್ಡ್ ಹಿಡಿದು ನಾಲ್ಕು ಸಲ ಸ್ಟ್ರಮ್ ಮಾಡಿ, ಅಂದರೆ ತಂತಿಗಳನ್ನು ಒಟ್ಟಿಗೆ ಸವರಿ ಮೀಟಿ. ಕೈ ಅಲ್ಲೇ ಇರಲಿ. ತಲೆ ಬಗ್ಗಿಸಿ ನೆಕ್‌ನ ಹಿಂದಿರುವ ಹೆಬ್ಬೆರಳ ಉಗುರು ನೋಡಿ. ಬೆಳ್ಳಗೆ ಬಿಳಿಚಿಕೊಂಡಿದೆಯಾ? ಹಾಗಾದರೆ ರಕ್ತ ಸರಿದುಹೋಗುವಷ್ಟು ಒತ್ತುತ್ತಿದ್ದೀರಿ. ಕ್ಲಾಸಿನಲ್ಲಿ ನಾನು ಹೊಸಬರ ಪಕ್ಕ ನಿಂತು ಮೊದಲು ನೋಡುವುದು ಈ ಉಗುರನ್ನೇ. ಮುಖದಲ್ಲಿ ಏನೂ ಕಾಣದಿದ್ದರೂ ಉಗುರು ಹೇಳಿಬಿಡುತ್ತದೆ.

ಬೆರಳು ಮುಂದಿನಿಂದ, ಹೆಬ್ಬೆರಳು ಹಿಂದಿನಿಂದ ಅಡಕತ್ತರಿಯ ಹಾಗೆ ಕಚ್ಚಿ ಹಿಡಿಯುವುದು ನಮಗೆ ಹುಟ್ಟಿನಿಂದ ಬಂದ ಹಿಡಿತ. ಏನು ಸಿಕ್ಕರೂ ಕೈ ಹಾಗೇ ಹಿಡಿಯುತ್ತದೆ. ಅದನ್ನು ಬಿಡಿಸಬೇಕಾದರೆ ಹೆಬ್ಬೆರಳನ್ನು ಸ್ವಲ್ಪ ದಿನ ಕೆಲಸದಿಂದ ತೆಗೆಯಬೇಕು. ಇ ಮೈನರ್ ಕಾರ್ಡ್ ಹಿಡಿಯಿರಿ: ನಡುಬೆರಳು ಐದನೇ ತಂತಿಯ ಎರಡನೇ ಫ್ರೆಟ್, ಉಂಗುರದ ಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್. ಹೆಬ್ಬೆರಳನ್ನು ನೆಕ್‌ನಿಂದ ಪೂರ್ತಿ ತೆಗೆದು ಗಾಳಿಯಲ್ಲಿ ಬಿಡಿ. ಬಲ ಮುಂಗೈ ಗಿಟಾರಿನ ಒಡಲನ್ನು ಎದೆಗೆ ಮೆಲ್ಲಗೆ ಒತ್ತಿ ಹಿಡಿದಿರಲಿ. ಎಡ ಮೊಣಕೈಯನ್ನು ಚೂರು ಹಿಂದಕ್ಕೆ ಜೋತುಬಿಡಿ. ತೋಳಿನ ತೂಕವೇ ಬೆರಳ ತುದಿಯಿಂದ ತಂತಿಯನ್ನು ಹಿಂದಕ್ಕೆ ಎಳೆಯುತ್ತದೆ. ಮೀಟಿ. ಸ್ವರ ಬಂತಾ? ಬಂದೇ ಬರುತ್ತದೆ.

ಇದೇ ರೀತಿ ಹಾಡು ನುಡಿಸಿ ಅಂತ ನಾನು ಹೇಳುತ್ತಿಲ್ಲ. ಒಂದೆರಡು ನಿಮಿಷ ಹೀಗೆ ಮಾಡಿದ ಮೇಲೆ ಹೆಬ್ಬೆರಳನ್ನು ವಾಪಸ್ ತಂದು ನೆಕ್‌ಗೆ ತಾಗಿಸಿ, ಕಿಟಕಿಯ ದಂಡೆ ಮೇಲೆ ಕೈ ಇಟ್ಟ ಹಾಗೆ. ನಡುಬೆರಳಿನ ಎದುರಿಗೆ ಇದ್ದರೆ ಹೆಚ್ಚಿನವರಿಗೆ ಹಿತ. ಹೆಬ್ಬೆರಳು ನೆಕ್‌ನ ಮೇಲಂಚಿಗೆ ಬಂದರೆ ತಪ್ಪು ಅಂತ ಕೆಲವರು ಗದರುತ್ತಾರೆ. ನಾನು ಒಪ್ಪುವುದಿಲ್ಲ. ಜಿಮಿ ಹೆಂಡ್ರಿಕ್ಸ್ ಹೆಬ್ಬೆರಳನ್ನು ಮೇಲಿನಿಂದ ತಂದು ದಪ್ಪ ತಂತಿಯನ್ನೇ ಒತ್ತುತ್ತಿದ್ದರು. ತಂತಿ ಬಗ್ಗಿಸಿ ನುಡಿಸುವವರಿಗೆ ಆ ಹಿಡಿತ ಬೇಕೇ ಬೇಕು. ಎಲ್ಲಿದ್ದರೂ ಸರಿ, ಉಗುರು ಬಿಳಿಚದಿದ್ದರೆ ಸಾಕು.

ಬಿಡುವ ಅಭ್ಯಾಸ

ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ತಾಳದ ಏಟು ಹಾಕುವ ಮೆಟ್ರೋನೋಮನ್ನು 60ಕ್ಕೆ ಇಡಿ, ಅಂದರೆ ಸೆಕೆಂಡಿಗೆ ಒಂದು ಏಟು.

ಮೊದಲ ವಾರ ಒಂದೇ ಬೆರಳು. ಮೂರನೇ ತಂತಿಯ ಐದನೇ ಫ್ರೆಟ್ ಮತ್ತೆ. ಮೊದಲ ಏಟಿಗೆ ಒತ್ತಿ ಮೀಟಿ. ಎರಡನೇ ಏಟಿಗೆ ಬಿಡಿ. ಬಿಡುವುದೆಂದರೆ ಬೆರಳನ್ನು ಎತ್ತುವುದಲ್ಲ, ಇದನ್ನು ಗಮನವಿಟ್ಟು ನೋಡಿ. ಬೆರಳು ತಂತಿಯ ಮೇಲೇ ಇರುತ್ತದೆ, ಒತ್ತಡ ಮಾತ್ರ ಹೋಗುತ್ತದೆ. ತಂತಿ ತಾನೇ ಮೇಲೆದ್ದು ಬೆರಳನ್ನು ಹೊತ್ತುಕೊಳ್ಳುತ್ತದೆ, ಸ್ವರ ನಿಲ್ಲುತ್ತದೆ. ಮೂರು ಮತ್ತು ನಾಲ್ಕನೇ ಏಟಿನಲ್ಲಿ ಏನೂ ಮಾಡಬೇಡಿ. ಬೆರಳಿನ ಕೊನೆಯ ಗೆಣ್ಣು ಮೆತ್ತಗಾಯಿತಾ, ಹೆಬ್ಬೆರಳ ಬುಡದ ದುಂಡು ಭಾಗ ಮೃದುವಾಯಿತಾ ಅಂತ ಒಳಗಿನಿಂದ ಗಮನಿಸಿ. ಬೇಕಿದ್ದರೆ ಬಲಗೈಯ ಬೆರಳಿನಿಂದ ಆ ದುಂಡು ಭಾಗವನ್ನು ಅದುಮಿ ನೋಡಿ. ಬಿಟ್ಟಿದ್ದೇನೆ ಅಂದುಕೊಂಡಾಗಲೂ ಅದು ಗಟ್ಟಿಯಾಗಿಯೇ ಇರುವುದು ಮೊದಮೊದಲು ಮಾಮೂಲಿ.

ಆಮೇಲೆ ನಾಲ್ಕೂ ಬೆರಳು, ಒಂದೊಂದು ಫ್ರೆಟ್‌ಗೆ ಒಂದೊಂದು: 5, 6, 7, 8. ಇದನ್ನು ಮೊದಲ ಫ್ರೆಟ್‌ನಿಂದ ಶುರುಮಾಡಬೇಡಿ. 648 ಮಿ.ಮೀ. ಸ್ಕೇಲ್‌ನ, ಅಂದರೆ ನಟ್‌ನಿಂದ ಸ್ಯಾಡಲ್‌ವರೆಗೆ ಅಷ್ಟು ಉದ್ದದ ತಂತಿಯಿರುವ, ಗಿಟಾರ್‌ನಲ್ಲಿ ಮೊದಲ ಮನೆಯ ಅಗಲ ಸುಮಾರು 36 ಮಿ.ಮೀ., ಐದನೆಯದು 29. ಒಂದು ಮನೆಗೆ 7 ಮಿ.ಮೀ. ಚಾಚುವುದು ಉಳಿಯುತ್ತದೆ, ನಾಲ್ಕು ಬೆರಳಿಗೆ ಅದು ದೊಡ್ಡ ಲಾಭ. ನಡುಬೆರಳು ಒತ್ತಿದ ಕ್ಷಣ ತೋರುಬೆರಳು ಸಡಿಲವಾಗಬೇಕು. ಆಗ ಕಿರುಬೆರಳನ್ನು ಗಮನಿಸಿ. ಅದು ಕಡ್ಡಿಯ ಹಾಗೆ ನೆಟ್ಟಗೆ ನಿಮಿರಿ ನಿಂತಿದ್ದರೆ ಅಥವಾ ಅಂಗೈಯೊಳಗೆ ಮುದುಡಿಕೊಂಡಿದ್ದರೆ ಬಿಗಿ ಅಲ್ಲಿಗೆ ಹೋಗಿ ಕೂತಿದೆ ಅಂತ ಅರ್ಥ. ಮೆಟ್ರೋನೋಮ್ ನಿಲ್ಲಿಸಿ, ಕೈ ಕೆಳಗೆ ಬಿಟ್ಟು, ಮತ್ತೆ ಶುರುಮಾಡಿ.

ಇನ್ನು ಕಾರ್ಡ್ ಬದಲಾವಣೆ. ಸಿ ಇಂದ ಎ ಮೈನರ್‌ಗೆ ಹೋಗೋಣ. ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್‌ನಲ್ಲಿ, ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ ಎರಡು ಕಾರ್ಡಿಗೂ ಇರುತ್ತವೆ. ಉಂಗುರದ ಬೆರಳು ಮಾತ್ರ ಐದನೇ ತಂತಿಯ ಮೂರನೇ ಫ್ರೆಟ್ ಬಿಟ್ಟು ಮೂರನೇ ತಂತಿಯ ಎರಡನೇ ಫ್ರೆಟ್‌ಗೆ ಬರಬೇಕು. ಇದನ್ನು ಐದು ಏಟಿಗೆ ಬಿಡಿಸಿ, ಬಾಯಲ್ಲಿ ಹೇಳಿಕೊಂಡೇ ಮಾಡಿ:

ಮುಟ್ಟು. ಒತ್ತು. ಮೀಟು. ಬಿಡು. ಸಾಗು.

ಬೆರಳು ಮೂರೂ ತಂತಿ ಮುಟ್ಟಿದ ಮೇಲೆ ಒಂದು ಏಟು ಕಾಯುತ್ತವೆ, ಆಮೇಲೆ ಒಟ್ಟಿಗೆ ಒತ್ತುತ್ತವೆ. ಮೀಟಿದ ಮುಂದಿನ ಏಟಿಗೆ ಒಟ್ಟಿಗೆ ಸಡಿಲವಾಗುತ್ತವೆ. ಸಡಿಲವಾದ ಮೇಲೇ ಸಾಗುತ್ತವೆ. ಹೊಸಬರು ಮಾಡುವ ತಪ್ಪು ಒಂದೇ: 'ಬಿಡು' ನುಂಗಿಹಾಕಿ 'ಮೀಟು'ವಿನಿಂದ ನೇರ 'ಸಾಗು'ಗೆ ಹಾರುವುದು. ಬಿಗಿದ ಬೆರಳು ದಾರಿಯುದ್ದಕ್ಕೂ ಬಿಗಿದೇ ಹೋಗುತ್ತದೆ, ಹೋಗಿ ಸೇರಿದ ಮೇಲೆ ಇನ್ನಷ್ಟು ಬಿಗಿಯುತ್ತದೆ. ಐದನೇ ಕಾರ್ಡ್ ಹೊತ್ತಿಗೆ ಮುಂಗೈ ಕಲ್ಲಾಗಿರುತ್ತದೆ. ಕರ್ನಾಟಕ ಸಂಗೀತದ ನಡೆ ಗೊತ್ತಿರುವವರು ಇದನ್ನು ಖಂಡ ನಡೆಗೆ ಕೂರಿಸಿಕೊಳ್ಳಬಹುದು, ತ-ಕ-ತ-ಕಿ-ಟ. ನನ್ನ ಕ್ಲಾಸಿನ ಮಕ್ಕಳಿಗೆ ಇದು ಆಟದ ಹಾಗೆ ಬೇಗ ಹತ್ತುತ್ತದೆ.

ವಾರಕ್ಕೆ ನಾಲ್ಕೈದು ಏಟಿನಂತೆ ವೇಗ ಏರಿಸಿ, ಅದಕ್ಕಿಂತ ಜಾಸ್ತಿ ಬೇಡ. 'ಬಿಡು' ಕಳೆದುಹೋಯಿತು ಅನ್ನಿಸಿದ ಕೂಡಲೇ ಹಿಂದಿನ ವೇಗಕ್ಕೆ ಬನ್ನಿ. ಹಾಡಿನ ವೇಗಕ್ಕೆ ಬಂದಾಗ ಆ ಐದು ಏಟು ಒಂದೇ ಉಸಿರಲ್ಲಿ ಮುಗಿದುಹೋಗುತ್ತವೆ, ಬಿಡುವುದು ಕಣ್ಣಿಗೆ ಕಾಣುವುದೂ ಇಲ್ಲ. ಆದರೂ ಅದು ಅಲ್ಲಿರುತ್ತದೆ, ಕೈಗೆ ಪ್ರತಿ ಬದಲಾವಣೆಯಲ್ಲೂ ಒಂದು ತುಣುಕು ವಿಶ್ರಾಂತಿ ಸಿಗುತ್ತಿರುತ್ತದೆ. ಅಭ್ಯಾಸ ಬೇಜಾರು ಬಂದರೆ ಜಮೈಕಾದ ರೆಗೇ ಸಂಗೀತದ ತಾಳ ನುಡಿಸಿ. ಅದರಲ್ಲಿ ಕಾರ್ಡನ್ನು ಮೀಟಿದ ಕೂಡಲೇ ಎಡಗೈ ಸಡಿಲಿಸಿ ಸದ್ದು ಕತ್ತರಿಸಬೇಕು. ಬಿಡದಿದ್ದರೆ ರೆಗೇ ಆಗುವುದೇ ಇಲ್ಲ.

ಎಫ್ ಮತ್ತು ಅದರ ಬಳಗ

ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸುವ ಬಾರ್ ಕಾರ್ಡ್‌ಗಳಲ್ಲಿ ಎಲ್ಲರೂ ಆರೂ ತಂತಿಯನ್ನು ಒಂದೇ ಸಮ ಒತ್ತೋಕೆ ಹೋಗುತ್ತಾರೆ. ಎಫ್ ಕಾರ್ಡ್ ತಗೊಳ್ಳಿ. ಐದನೇ ಮತ್ತು ನಾಲ್ಕನೇ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ, ಮೂರನೇ ತಂತಿಯನ್ನು ಎರಡನೇ ಫ್ರೆಟ್‌ನಲ್ಲಿ ಬೇರೆ ಬೆರಳುಗಳು ಒತ್ತಿರುತ್ತವೆ. ಹಾಗಾದರೆ ತೋರುಬೆರಳಿಗೆ ಉಳಿದದ್ದೆಷ್ಟು? ಮೂರೇ ತಂತಿ: ಆರನೆಯದು, ಎರಡನೆಯದು, ಒಂದನೆಯದು. ನಡುವಿನ ಮೂರು ತಂತಿಗಳ ಮೇಲೆ ಅದು ಸುಮ್ನೆ ಮಲಗಿದ್ದರೆ ಸಾಕು. ಬೆರಳು ಹಲಗೆಯ ಹಾಗೆ ನೇರ ಇರಬೇಕಿಲ್ಲ, ಚೂರು ಬಿಲ್ಲಿನಂತೆ ಬಾಗಿದ್ದರೆ ಇನ್ನೂ ಒಳ್ಳೇದು.

ಬೆರಳಿನ ಮೆತ್ತನೆಯ ಮುಖವನ್ನು ಬಿಟ್ಟು, ಹೆಬ್ಬೆರಳ ಕಡೆಯ ಮಗ್ಗುಲಿಗೆ ಸ್ವಲ್ಪ ಹೊರಳಿಸಿ. ಅಲ್ಲಿ ಮೂಳೆ ಹತ್ತಿರ. ಗೆಣ್ಣಿನ ಗೆರೆಯ ಸಂದಿಯಲ್ಲಿ ತಂತಿ ಬಿದ್ದು ಸತ್ತುಹೋಗುತ್ತಿದ್ದರೆ ಬೆರಳನ್ನು ಎರಡು ಮಿಲಿಮೀಟರ್ ಮೇಲೆ ಕೆಳಗೆ ಸರಿಸಿ ನೋಡಿ. ಜಾಸ್ತಿ ಒತ್ತುವುದು ಅದಕ್ಕೆ ಮದ್ದಲ್ಲ. ಮೊದಲು ಐದನೇ ಫ್ರೆಟ್‌ನಲ್ಲಿ ಇದೇ ಆಕಾರ ಹಿಡಿಯಿರಿ, ಅಲ್ಲಿ ಅದು ಎ ಕಾರ್ಡ್ ಆಗುತ್ತದೆ. ವಾರಕ್ಕೆ ಒಂದು ಫ್ರೆಟ್‌ನಂತೆ ಕೆಳಗೆ ಬನ್ನಿ. ಅಲ್ಲಿವರೆಗೆ ಹಾಡಿನಲ್ಲಿ ಎಫ್ ಬಂದರೆ ತೆಳುವಾದ ನಾಲ್ಕು ತಂತಿಯ ಸಣ್ಣ ಎಫ್ ನುಡಿಸಿ. ಅದರಲ್ಲಿ ಏನೂ ಕೊರತೆಯಿಲ್ಲ.

ಬಲಗೈ ಮತ್ತು ಉಸಿರು

ಬಲಗೈ ಜೋರಾಗಿ ಹೊಡೆದಾಗ ಎಡಗೈಯೂ ಜೊತೆಗೇ ಗಟ್ಟಿಯಾಗುತ್ತದೆ. ಎರಡನ್ನೂ ಬಿಡಿಸಬೇಕು. ಇ ಮೈನರ್ ಹಿಡಿದು ಬಹಳ ಮೆಲ್ಲಗೆ ಶುರುಮಾಡಿ, ಎಂಟು ಸ್ಟ್ರಮ್‌ನಲ್ಲಿ ಪೂರ್ತಿ ಜೋರಿಗೆ ಹೋಗಿ, ಎಂಟರಲ್ಲಿ ವಾಪಸ್ ಬನ್ನಿ. ಅಷ್ಟೂ ಹೊತ್ತು ಗಮನ ಎಡಗೈ ಮೇಲಿರಲಿ, ಅದರ ಒತ್ತಡ ಬದಲಾಗಬಾರದು. ಉಸಿರಿನದ್ದೂ ಇದೇ ಕಥೆ. ಕಷ್ಟದ ಬದಲಾವಣೆ ಹತ್ತಿರ ಬಂದಂತೆ ಉಸಿರು ಕಟ್ಟುತ್ತದೆ, ಹಲ್ಲು ಕಚ್ಚುತ್ತೇವೆ, ಎಡ ಭುಜ ಕಿವಿಯ ಕಡೆ ಏರುತ್ತದೆ. ಆ ಜಾಗಕ್ಕೆ ಬಂದಾಗ ಬೇಕೆಂದೇ ಉಸಿರು ಹೊರಗೆ ಬಿಡಿ. ಹಾಡುತ್ತಾ ನುಡಿಸುವವರಿಗೆ ಇದು ತಾನಾಗೇ ಆಗುತ್ತದೆ. ದನಿ ಕೆಟ್ಟದಾಗಿದ್ದರೂ ಅಭ್ಯಾಸದಲ್ಲಿ ಸಾಲನ್ನು ಗುನುಗಿಕೊಳ್ಳಿ.

ಎಷ್ಟು ಹೊತ್ತು?

ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ದಿನಾ ಹತ್ತು ನಿಮಿಷದಂತೆ ಮೂರು ಸಲ ಕೂರುವುದು ಮೇಲು. ಹತ್ತು ನಿಮಿಷಕ್ಕೆ ಫೋನಿನಲ್ಲಿ ಅಲಾರಂ ಇಟ್ಟು, ಅದು ಹೊಡೆದ ಕೂಡಲೇ ಹಾಡಿನ ನಡುವೆ ಇದ್ದರೂ ಗಿಟಾರ್ ಕೆಳಗಿಡಿ. ಎರಡು ನಿಮಿಷ ಓಡಾಡಿ, ನೀರು ಕುಡಿಯಿರಿ. ಆ ಎರಡು ನಿಮಿಷದಲ್ಲಿ ಫೋನ್ ಕೈಗೆತ್ತಿಕೊಂಡರೆ ಬಿಡುವು ಸಿಕ್ಕ ಹಾಗಲ್ಲ. ಹೆಬ್ಬೆರಳಿಗೆ ಅದೂ ದುಡಿಮೆಯೇ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಕೂರುವವರು ಮೊದಲು ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ ಒರೆಸಿಕೊಳ್ಳಿ.

ನೋವಿನಲ್ಲಿ ವ್ಯತ್ಯಾಸ ಇದೆ

ಬೆರಳ ತುದಿ ಚುರುಗುಟ್ಟುವುದು ಬೇರೆ. ಮೊದಲ ಕೆಲವು ವಾರ ಅದು ಇರುತ್ತದೆ, ಚರ್ಮ ಜಡ್ಡುಗಟ್ಟಿದ ಮೇಲೆ ಹೋಗುತ್ತದೆ. ನುಡಿಸಿದ ಮೇಲೆ ಮುಂಗೈ ಸೋತ ಹಾಗಾಗಿ ಅರ್ಧ ಗಂಟೆಯಲ್ಲಿ ಸರಿಹೋದರೆ ಅದಕ್ಕೂ ಹೆದರಬೇಕಿಲ್ಲ. ಮೇಲಿನ ಹಂತಗಳನ್ನು ಮಾಡುತ್ತಾ ಹೋದರೆ ಅದು ಇಳಿಯುತ್ತದೆ.

ಚೂಪಾದ ನೋವು ಬಂದರೆ ಅಲ್ಲೇ ನಿಲ್ಲಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಜುಮ್ಮೆನ್ನುವುದು, ರಾತ್ರಿ ನಿದ್ದೆಯಲ್ಲಿ ಅವು ಜೋಮು ಹಿಡಿದು ಎಚ್ಚರವಾಗುವುದು ಮಣಿಕಟ್ಟಿನ ಸಂದಿಯಲ್ಲಿ ನರ ಅದುಮಿಕೊಂಡಿರುವುದರ ಲಕ್ಷಣ ಇರಬಹುದು. ಕಿರುಬೆರಳು, ಉಂಗುರದ ಬೆರಳಲ್ಲಿ ಹಾಗಾದರೆ ಮೊಣಕೈ ಹತ್ತಿರದ ನರವನ್ನೂ ನೋಡಿಸಬೇಕು. ನೋವೇ ಇಲ್ಲದೆ, ನುಡಿಸುವಾಗ ಮಾತ್ರ ಒಂದು ಬೆರಳು ಹೇಳಿದ ಮಾತು ಕೇಳದೆ ತಾನಾಗಿ ಮುದುಡುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಇವುಗಳಿಗೆ ಎಣ್ಣೆ ತಿಕ್ಕಿಕೊಂಡು, ಬೆಲ್ಟ್ ಕಟ್ಟಿಕೊಂಡು ನುಡಿಸುತ್ತಾ ಹೋಗಬೇಡಿ. ವೈದ್ಯರ ಹತ್ತಿರ ಹೋಗುವಾಗ ಗಿಟಾರನ್ನೂ ಜೊತೆಗೆ ಒಯ್ಯಿರಿ. ನೀವು ಹೇಗೆ ಹಿಡಿಯುತ್ತೀರಿ ಅಂತ ನೋಡಿದರೆ ಅವರಿಗೆ ಬೇಗ ಗೊತ್ತಾಗುತ್ತದೆ.

ಬಿಡುವು ತಗೊಂಡು ವಾಪಸ್ ಬರುವ ದಿನ ಹಾಡಿಗೆ ಕೈ ಹಾಕಬೇಡಿ. ತಂತಿಗಳನ್ನು ಒಂದು ಸ್ವರ ಇಳಿಸಿ, ಐದನೇ ಫ್ರೆಟ್‌ನಲ್ಲಿ ತೋರುಬೆರಳಿಟ್ಟು ಟಪ್, ಜರ್, ಸ್ವರ, ಮತ್ತೆ ಜರ್, ಟಪ್. ಐದು ನಿಮಿಷ ಅಷ್ಟೇ ಮಾಡಿ ಗಿಟಾರ್ ಗೋಡೆಗೆ ಒರಗಿಸಿ. ಮಾರನೇ ದಿನ ಬೆಳಿಗ್ಗೆ ಕೈ ಹೇಗಿದೆ ನೋಡಿಕೊಂಡು ಇ ಮೈನರ್ ಸೇರಿಸಿ.